ಮರೆವಿನ ಕಾಯಿಲೆಯ ಹಿರಿಯರಿಗೆ ಒಳ್ಳೆಯ ಆರೈಕೆ ಎಂದರೇನು? ಯಾದಗಿರಿ, ಶಹಾಪುರ, ಸುರಪುರದ ಹಿನ್ನೆಲೆಯಲ್ಲಿ ಒಂದು ಮಾಹಿತಿ ಲೇಖನ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ನಮ್ಮಲ್ಲಿ ಬಹಳ ಹಳೆಯದು. ಈ ಗಾದೆಯಿಂದ ಆಗಿರುವ ಹಾನಿಯೂ ಸಣ್ಣದಲ್ಲ. ವಯಸ್ಸಾದ ಮೇಲೆ ಎಲ್ಲರಿಗೂ ಹೀಗೆಯೇ ಎಂದು ನಂಬಿದ ಮನೆಯವರು ವೈದ್ಯರ ಬಳಿ ಹೋಗುವುದಿಲ್ಲ. ಉಂಡದ್ದನ್ನು ಮರೆತು ಮತ್ತೆ ಊಟ ಕೇಳುವ ತಾಯಿಯನ್ನು, ಮಧ್ಯರಾತ್ರಿ ಎದ್ದು ಹೊಲಕ್ಕೆ ಹೊರಡುವ ತಂದೆಯನ್ನು ಮೊದಲು ಗದರಿಸುತ್ತಾರೆ, ಆಮೇಲೆ ಬಾಗಿಲು ಹಾಕುತ್ತಾರೆ, ಕೊನೆಗೆ ಮಂಚಕ್ಕೆ ಕಟ್ಟುತ್ತಾರೆ. ಹೀಗೆ ಮಾಡುವವರೆಲ್ಲ ಕಟುಕರೇನಲ್ಲ. ಬೇರೆ ದಾರಿ ಇದೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಆ ಬೇರೆ ದಾರಿಯ ಕುರಿತು ಕೆಲವು ಮಾಹಿತಿಗಳನ್ನು ಇಲ್ಲಿ ನೀಡಲಾಗಿದೆ.

ಮಂಗಳೂರು, ಮಣಿಪಾಲದಂತಹ ಊರುಗಳಲ್ಲಿ ದೊಡ್ಡ ಆಸ್ಪತ್ರೆಗಳನ್ನು ಹತ್ತಿರದಲ್ಲೇ ಕಂಡಿರುವ ಕರಾವಳಿಯ ಓದುಗರಿಗೆ ಯಾದಗಿರಿ ದೂರದ ಜಿಲ್ಲೆ. ಆದರೆ ತಜ್ಞ ವೈದ್ಯರು ವಿರಳವಾಗಿರುವಲ್ಲಿ ಒಳ್ಳೆಯ ಆರೈಕೆ ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಇಂತಹ ಜಿಲ್ಲೆಯಲ್ಲಿಯೇ. ಅಲ್ಲಿ ಸಾಧ್ಯವಾದದ್ದು ನಮ್ಮ ಮನೆಗಳಲ್ಲಿ ಅಸಾಧ್ಯವೆಂದು ಹೇಳಲು ಬರುವುದಿಲ್ಲ.

ಇದು ಯಾವ ಕಾಯಿಲೆ?

ಡಿಮೆನ್ಷಿಯಾ ಎಂಬುದು ಒಂದೇ ಕಾಯಿಲೆಯ ಹೆಸರಲ್ಲ. ಮಿದುಳಿನ ಜೀವಕೋಶಗಳು ನಶಿಸುತ್ತಾ ಹೋಗಿ ನೆನಪು, ಮಾತು, ವಿವೇಚನೆ, ಗುರುತು ಹಿಡಿಯುವ ಶಕ್ತಿ ಒಂದೊಂದಾಗಿ ಕುಂದುವ ಸ್ಥಿತಿಗೆ ಈ ಹೆಸರು. ಇದರಲ್ಲಿ ಹೆಚ್ಚಾಗಿ ಕಾಣುವುದು ಆಲ್ಝೈಮರ್ ಕಾಯಿಲೆ. ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1901ರಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಯಲ್ಲಿ ಒಬ್ಬ ಮಹಿಳೆಯನ್ನು ಪರೀಕ್ಷಿಸಿ, 1906ರಲ್ಲಿ ಅದರ ವಿವರವನ್ನು ವೈದ್ಯರ ಸಭೆಯ ಮುಂದಿಟ್ಟರು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಪಾರ್ಶ್ವವಾಯು ಇವುಗಳಿಂದ ಮಿದುಳಿನ ರಕ್ತನಾಳಗಳು ಹಾಳಾಗಿ ಬರುವ ಡಿಮೆನ್ಷಿಯಾ ಇನ್ನೊಂದು ಮುಖ್ಯ ಬಗೆ. ಇದನ್ನು ಕೆಲವರು ‘ಬುದ್ಧಿಮಾಂದ್ಯತೆ’ ಎಂದು ಬರೆಯುವುದುಂಟು. ಅದು ತಪ್ಪು. ಬುದ್ಧಿಯ ಬೆಳವಣಿಗೆ ಬಾಲ್ಯದಿಂದಲೇ ಕುಂಠಿತವಾಗಿರುವುದು ಬೇರೆ, ಬಾಳಿ ಬದುಕಿದ ವ್ಯಕ್ತಿ ಗಳಿಸಿದ್ದನ್ನು ಕಳೆದುಕೊಳ್ಳುವುದು ಬೇರೆ.

ಭಾರತದಲ್ಲಿ ನಡೆದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ 60 ವರ್ಷ ದಾಟಿದವರಲ್ಲಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. ಪುರುಷರಿಗಿಂತ ಮಹಿಳೆಯರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಪ್ರಮಾಣ ಹೆಚ್ಚು. ಈ ಲೆಕ್ಕ ಹಿಡಿದರೆ, 60 ದಾಟಿದ 200 ಮಂದಿ ಇರುವ ಹಳ್ಳಿಯಲ್ಲಿ ಹದಿನೈದು ಮಂದಿಯಾದರೂ ಇಂತಹವರು ಇರಬಹುದು. ‘ನಮ್ಮೂರಲ್ಲಿ ಈ ಕಾಯಿಲೆ ಇಲ್ಲ’ ಎನ್ನುವ ಊರಿನಲ್ಲಿ ಕಾಯಿಲೆ ಇದೆ, ಹೆಸರು ಮಾತ್ರ ಇಲ್ಲ.

ಯಾದಗಿರಿಯ ವಿಶೇಷ ಪರಿಸ್ಥಿತಿ

ಕಲಬುರಗಿ ಜಿಲ್ಲೆಯಿಂದ ಬೇರ್ಪಟ್ಟು 2009ರ ಕೊನೆಯಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಯಾದಗಿರಿ, ಶಹಾಪುರ, ಸುರಪುರ ಅದರ ಮೂಲ ಮೂರು ತಾಲ್ಲೂಕುಗಳು. 2011ರ ಜನಗಣತಿಯಂತೆ ಜನಸಂಖ್ಯೆ ಸುಮಾರು 11.7 ಲಕ್ಷ, ಸಾಕ್ಷರತೆ ಸುಮಾರು ಶೇಕಡಾ 52, ಅಂದು ರಾಜ್ಯದಲ್ಲೇ ಅತಿ ಕಡಿಮೆ. ಈ ಅಂಕಿಗೂ ನಮ್ಮ ವಿಷಯಕ್ಕೂ ಮೂರು ವಿಧದ ಸಂಬಂಧವಿದೆ.

ಮೊದಲನೆಯದಾಗಿ, ಬಾಲ್ಯದಲ್ಲಿ ಶಿಕ್ಷಣ ಸಿಗದಿರುವುದೇ ಡಿಮೆನ್ಷಿಯಾಕ್ಕೆ ಒಂದು ಕಾರಣವೆಂದು ತಜ್ಞರು ಗುರುತಿಸಿದ್ದಾರೆ. ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಇಂತಹ 14 ಕಾರಣಗಳನ್ನು ಪಟ್ಟಿ ಮಾಡಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಮದ್ಯಪಾನ, ಕಿವಿ ಮಂದವಾಗುವುದು, ಕಣ್ಣು ಮಂಜಾಗುವುದು, ಒಂಟಿತನ ಇವೆಲ್ಲ ಅದರಲ್ಲಿವೆ. ಇವುಗಳನ್ನು ಜೀವಮಾನದ ಉದ್ದಕ್ಕೂ ತಡೆಯಲು ಸಾಧ್ಯವಾದರೆ ಶೇಕಡಾ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಆಯೋಗದ ಅಂದಾಜು.

ಎರಡನೆಯದಾಗಿ, ಓದುಬರಹ ಬಾರದ ಹಿರಿಯರಿಗೆ ಓದುಬರಹದ ಪರೀಕ್ಷೆ ಕೊಡುವುದು ಅನ್ಯಾಯ. ‘ಒಂದು ವಾಕ್ಯ ಬರೆಯಿರಿ, ಈ ಚಿತ್ರ ನೋಡಿ ಬಿಡಿಸಿರಿ, ನೂರರಿಂದ ಏಳು ಕಳೆಯುತ್ತಾ ಬನ್ನಿ’ ಎಂಬಂತಹ ಪ್ರಶ್ನೆಗಳಿಗೆ ಎಂದೂ ಪೆನ್ನು ಹಿಡಿಯದ ರೈತ ಮಹಿಳೆ ಉತ್ತರಿಸದಿದ್ದರೆ ಅದು ಕಾಯಿಲೆಯಲ್ಲ. ಅಂತಹವರಲ್ಲಿ ನೋಡಬೇಕಾದದ್ದು ಬದುಕಿನ ಲೆಕ್ಕ: ಸಂತೆಯಲ್ಲಿ ಚಿಲ್ಲರೆ ಸರಿಯಾಗಿ ಎಣಿಸುತ್ತಿದ್ದವರು ಈಗ ತಪ್ಪುತ್ತಾರೆಯೇ? ರೊಟ್ಟಿ ಬಡಿಯುತ್ತಿದ್ದವರಿಗೆ ಹಿಟ್ಟು ನಾದುವ ಕ್ರಮ ಮರೆತಿದೆಯೇ? ಹೊಲದ ದಾರಿ ತಪ್ಪುತ್ತದೆಯೇ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಕನ್ನಡ, ತೆಲುಗು, ಹಿಂದಿ, ಬಂಗಾಳಿ, ಮಲಯಾಳಂ ಭಾಷೆಗಳಲ್ಲಿ ನಮ್ಮ ಜನರಿಗೆ ಹೊಂದುವ ಪರೀಕ್ಷಾ ವಿಧಾನವನ್ನು ಸಿದ್ಧಪಡಿಸಿದೆ.

ಮೂರನೆಯದು ಗುಳೆ. ಮಳೆ ಕೈಕೊಟ್ಟ ವರ್ಷಗಳಲ್ಲಿ, ಕೆಲಸವಿಲ್ಲದ ತಿಂಗಳುಗಳಲ್ಲಿ ಈ ಭಾಗದ ದುಡಿಯುವ ವಯಸ್ಸಿನವರು ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದ್‌ಗಳಿಗೆ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಊರಿನಲ್ಲಿ ಉಳಿಯುವವರು ಮುದುಕರು ಮತ್ತು ಮಕ್ಕಳು. ಎಪ್ಪತ್ತೈದರ ಮುತ್ಯಾನನ್ನು ಎಪ್ಪತ್ತರ ಹೆಂಡತಿ ನೋಡಿಕೊಳ್ಳುವುದು, ಶಾಲೆ ಬಿಟ್ಟ ಮೊಮ್ಮಗಳು ಕಾವಲು ಕೂರುವುದು ಇಂತಹ ಮನೆಗಳ ಸ್ಥಿತಿ. ಇಲ್ಲಿ ಆರೈಕೆ ಕೇಂದ್ರ ಎಂದರೆ ಮೊದಲು ಮನೆಯೇ. ಆಸ್ಪತ್ರೆಯ ವಾರ್ಡು, ವೃದ್ಧಾಶ್ರಮ ಎಲ್ಲ ಆಮೇಲಿನವು.

ಭಾಷೆಯ ವಿಷಯವನ್ನೂ ಮರೆಯುವಂತಿಲ್ಲ. ಈ ಜಿಲ್ಲೆಯಲ್ಲಿ ಕನ್ನಡದ ಜೊತೆಗೆ ತೆಲುಗು, ಉರ್ದು ಮತ್ತು ತಾಂಡಾಗಳಲ್ಲಿ ಲಂಬಾಣಿ ಮಾತು ಬಳಕೆಯಲ್ಲಿವೆ. ಇದೊಂದು ಭಾಗ್ಯವೂ ಹೌದು. ಹೈದರಾಬಾದಿನ ನಿಜಾಮ್ ವೈದ್ಯಕೀಯ ಸಂಸ್ಥೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದಂತೆ, ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಡಿಮೆನ್ಷಿಯಾ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತು. ಅಕ್ಷರ ಬಾರದವರಲ್ಲಿಯೂ ಈ ವ್ಯತ್ಯಾಸ ಕಂಡುಬಂತು. ಆದರೆ ಕಾಯಿಲೆ ಬಂದ ಮೇಲೆ, ಆಮೇಲೆ ಕಲಿತ ಭಾಷೆ ಸಾಮಾನ್ಯವಾಗಿ ಮೊದಲು ಜಾರಿ, ತಾಯಿನುಡಿ ಕೊನೆಯವರೆಗೆ ಉಳಿಯುತ್ತದೆ. ತಾಂಡಾದಿಂದ ಬಂದ ಅಜ್ಜಿ ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಉತ್ತರಿಸದಿದ್ದರೆ ‘ಮಾತು ನಿಂತಿದೆ’ ಎಂದು ಬರೆಯುವ ಮುನ್ನ ಆಕೆಯ ಭಾಷೆಯಲ್ಲಿ ಒಮ್ಮೆ ಕರೆದು ನೋಡಬೇಕು.

ಮೊದಲ ಕರ್ತವ್ಯ: ಸರಿಯಾದ ತಪಾಸಣೆ

ಮರೆವು ಕಂಡ ಕೂಡಲೇ ಡಿಮೆನ್ಷಿಯಾ ಎಂದು ತೀರ್ಮಾನಿಸಬಾರದು. ಥೈರಾಯ್ಡ್ ಕೊರತೆ, ಬಿ-12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ, ತಲೆಗೆ ಪೆಟ್ಟು ಬಿದ್ದು ಒಳಗೆ ರಕ್ತ ಹೆಪ್ಪುಗಟ್ಟುವುದು ಇವುಗಳಿಂದಲೂ ಮರೆವು ಬರುತ್ತದೆ. ಇವುಗಳಿಗೆ ಚಿಕಿತ್ಸೆ ಇದೆ. ತಿಂಗಳುಗಟ್ಟಲೆ ನಿಧಾನವಾಗಿ ಹೆಚ್ಚಿದ ಮರೆವು ಬೇರೆ, ಒಂದೆರಡು ದಿನಗಳಲ್ಲಿ ಒಮ್ಮೆಲೇ ಬಂದ ಗೊಂದಲ ಬೇರೆ. ಎರಡನೆಯದು ತುರ್ತು ಸ್ಥಿತಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಯಾದಗಿರಿಯ ಬಿಸಿಲಿನಲ್ಲಿ ನೀರು ಸಾಲದೆ, ಇಲ್ಲವೇ ಮೂತ್ರದ ಸೋಂಕಿನಿಂದ, ನಿನ್ನೆಯವರೆಗೆ ಸರಿಯಾಗಿದ್ದ ಹಿರಿಯರು ಇಂದು ಬಡಬಡಿಸಬಹುದು. ‘ಮರೆವಿನ ಕಾಯಿಲೆ ಜೋರಾಯಿತು’ ಎಂದು ಮನೆಯಲ್ಲೇ ಇರಿಸಿಕೊಂಡರೆ ಪ್ರಾಣಕ್ಕೆ ಅಪಾಯ.

ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಮೆಮಾಂಟಿನ್ ಮುಂತಾದ ಮಾತ್ರೆಗಳು ಕೆಲವರಲ್ಲಿ ಸ್ವಲ್ಪ ಕಾಲ ಸಹಾಯ ಮಾಡುತ್ತವೆ, ಆದರೆ ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಆದುದರಿಂದ ಈ ಕಾಯಿಲೆಯಲ್ಲಿ ಆರೈಕೆಯೇ ಚಿಕಿತ್ಸೆಯ ದೊಡ್ಡ ಪಾಲು.

ಕಟ್ಟುವ ಮುನ್ನ ಕಾರಣ ಕೇಳಿ

ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾನಿಲಯದ ಮನಃಶಾಸ್ತ್ರಜ್ಞ ಟಾಮ್ ಕಿಟ್‌ವುಡ್ 1997ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಸರಳ ಮಾತನ್ನು ಮುಂದಿಟ್ಟರು. ರೋಗಿಯ ಅವನತಿಗೆಲ್ಲ ಮಿದುಳೇ ಕಾರಣವಲ್ಲ. ಸುತ್ತಲಿನವರು ನಡೆಸಿಕೊಳ್ಳುವ ರೀತಿಯೂ ಕಾರಣ. ಮಗುವಿನಂತೆ ಮಾತನಾಡಿಸುವುದು, ಎದುರಿಗಿದ್ದಾಗಲೇ ಇಲ್ಲದವರಂತೆ ಅವರ ಬಗ್ಗೆ ಚರ್ಚಿಸುವುದು, ಸುಳ್ಳು ಹೇಳಿ ಎಬ್ಬಿಸುವುದು, ಅವಸರಪಡಿಸುವುದು ಇವೆಲ್ಲ ಅವರ ವ್ಯಕ್ತಿತ್ವವನ್ನು ದಿನದಿನವೂ ಸವೆಸುತ್ತವೆ ಎಂದು ಅವರು ತೋರಿಸಿದರು. ಇದನ್ನು ದುಷ್ಟತನವೆಂದು ಅವರು ಕರೆಯಲಿಲ್ಲ. ಒಳ್ಳೆಯವರೂ ತಿಳಿಯದೆ ಹೀಗೆ ಮಾಡುತ್ತಾರೆ ಎಂಬುದೇ ಅವರ ಮಾತಿನ ಸಾರ.

ಕೂಗಾಡುವುದು, ಹೊಡೆಯಲು ಬರುವುದು, ಅಲೆಯುವುದು ಇವು ಹಠವಲ್ಲ, ಮಾತು ಸೋತ ಮೇಲೆ ಉಳಿದಿರುವ ಮಾತು. ರಾತ್ರಿ ಎದ್ದು ಓಡಾಡುವವರಿಗೆ ಮೂತ್ರಕ್ಕೆ ಹೋಗಬೇಕಾಗಿರಬಹುದು, ಬಚ್ಚಲು ಎಲ್ಲಿದೆ ಎಂಬುದು ಮರೆತಿರಬಹುದು. ಊಟ ತಳ್ಳುವವರಿಗೆ ಹಲ್ಲುನೋವು ಇರಬಹುದು. ಸ್ನಾನಕ್ಕೆ ಬಟ್ಟೆ ತೆಗೆಯಲು ಬಿಡದ ತಾಯಿಗೆ, ಎದುರಿಗಿರುವುದು ಮಗನೆಂದು ತಿಳಿಯದೆ ನಾಚಿಕೆಯಾಗಿರಬಹುದು. ನಾರ್ವೆಯ ಆರೈಕೆ ಗೃಹಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಡಿಮೆನ್ಷಿಯಾ ಇರುವವರಿಗೆ ನೋವಿನ ಚಿಕಿತ್ಸೆಯನ್ನು ಕ್ರಮಬದ್ಧವಾಗಿ ಕೊಟ್ಟಾಗ ಅವರ ಕೂಗಾಟ, ಚಡಪಡಿಕೆ ಗಮನಾರ್ಹವಾಗಿ ಇಳಿಯಿತು. ಅಷ್ಟು ದಿನ ಅವರು ಕೂಗುತ್ತಿದ್ದುದು ನೋವಿಗಾಗಿ.

ಕಾರಣ ಕೇಳದೆ ಮಂಪರು ಬರಿಸುವ ಮಾತ್ರೆ ಕೊಡುವುದು ಇನ್ನೊಂದು ಬಗೆಯ ಹಗ್ಗ. ಮಾನಸಿಕ ಕಾಯಿಲೆಗೆ ಬಳಸುವ ಕೆಲವು ಔಷಧಗಳನ್ನು ಡಿಮೆನ್ಷಿಯಾ ಇರುವ ಹಿರಿಯರಿಗೆ ಕೊಟ್ಟಾಗ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿ ಎಚ್ಚರಿಸಿತು. ಬ್ರಿಟನ್‌ನಲ್ಲಿ 2009ರ ವರದಿಯೊಂದು ಅಲ್ಲಿ ವರ್ಷಕ್ಕೆ ಸುಮಾರು 1,80,000 ಡಿಮೆನ್ಷಿಯಾ ರೋಗಿಗಳು ಈ ಔಷಧ ಸೇವಿಸುತ್ತಿದ್ದಾರೆಂದೂ, ಇದರಿಂದ ಸುಮಾರು 1,800 ಹೆಚ್ಚುವರಿ ಸಾವುಗಳಾಗುತ್ತಿವೆಯೆಂದೂ ಅಂದಾಜಿಸಿತು. ಈ ಔಷಧ ಎಂದೂ ಬೇಡವೆಂದು ಇದರ ಅರ್ಥವಲ್ಲ. ಬೇರೆ ಉಪಾಯಗಳು ಸೋತಾಗ, ಕಡಿಮೆ ಪ್ರಮಾಣದಲ್ಲಿ, ಸ್ವಲ್ಪ ಕಾಲಕ್ಕೆ, ವೈದ್ಯರ ನಿಗಾದಲ್ಲಿ ಕೊಡಬೇಕು. ಅಂಗಡಿಯಿಂದ ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ತಂದು ಕೊಡುವುದು ಸಲ್ಲದು. ಈಗಾಗಲೇ ಸೇವಿಸುತ್ತಿದ್ದರೆ ತಾವಾಗಿಯೇ ನಿಲ್ಲಿಸದೆ ವೈದ್ಯರನ್ನು ಕೇಳಬೇಕು.

ಕಾನೂನು ಏನು ಹೇಳುತ್ತದೆ?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು 2018ರ ಮೇ ತಿಂಗಳಿನಲ್ಲಿ ಜಾರಿಗೆ ಬಂತು. ಅದರ ವ್ಯಾಖ್ಯೆಯಲ್ಲಿ ನೆನಪಿನ ತೀವ್ರ ತೊಂದರೆಯೂ ಸೇರಿದೆ. ಯಾವುದೇ ರೂಪದಲ್ಲಿ ಸರಪಳಿ ಹಾಕುವುದನ್ನು ಅದು ನಿಷೇಧಿಸುತ್ತದೆ. ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಕೈಕಾಲು ಕಟ್ಟುವುದಕ್ಕೆ, ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಒಪ್ಪಿಗೆಯಿಂದ ಅವಕಾಶವಿದೆ. ಶಿಕ್ಷೆಯಾಗಿ ಕಟ್ಟುವಂತಿಲ್ಲ. ಸಿಬ್ಬಂದಿ ಸಾಲದು ಎಂಬ ಕಾರಣಕ್ಕೂ ಕಟ್ಟುವಂತಿಲ್ಲ. ಈ ಕೊನೆಯ ಮಾತನ್ನು ಪ್ರತಿಯೊಂದು ವಾರ್ಡಿನ ಗೋಡೆಯ ಮೇಲೆ ಬರೆಯಿಸಬೇಕು.

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆಯಂತೆ ಸರಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಪ್ರತ್ಯೇಕ ಸಾಲು, ಸಾಧ್ಯವಾದಷ್ಟು ಹಾಸಿಗೆ, ಜಿಲ್ಲಾ ಆಸ್ಪತ್ರೆಗಳಲ್ಲಿ ವೃದ್ಧಾಪ್ಯದ ಚಿಕಿತ್ಸೆಗೆ ಮೀಸಲು ವ್ಯವಸ್ಥೆ ಇರಬೇಕು. ನೋಡಿಕೊಳ್ಳುವ ಹೊಣೆಯಿರುವವರು ಹಿರಿಯರನ್ನು ಎಲ್ಲಿಯಾದರೂ ಬಿಟ್ಟು ಹೋದರೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆಯಿಸಿಕೊಂಡು ಕೈಬಿಟ್ಟರೆ ಆ ವರ್ಗಾವಣೆಯನ್ನು ರದ್ದುಪಡಿಸಲು ಅವಕಾಶವಿದೆ. ಹಿರಿಯರೇ ಅರ್ಜಿ ಕೊಡಲು ಅಶಕ್ತರಾದರೆ ಅವರು ಒಪ್ಪಿಸಿದ ಬೇರೊಬ್ಬರು ಅಥವಾ ಸಂಸ್ಥೆ ಕೊಡಬಹುದು. ಅರ್ಜಿಯನ್ನು ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ ಸಲ್ಲಿಸಬೇಕು.

ವೃದ್ಧಾಶ್ರಮ ಅಥವಾ ಆರೈಕೆ ಕೇಂದ್ರವನ್ನು ನೋಡುವಾಗ

ಮಕ್ಕಳು ಬೆಂಗಳೂರಿನಲ್ಲಿದ್ದು ತಂದೆತಾಯಿಯನ್ನು ಅಲ್ಲಿಯ ಆಶ್ರಮಕ್ಕೆ ಸೇರಿಸುವ ಸಂದರ್ಭಗಳೂ ಇವೆ. ಕಟ್ಟಡದ ಅಂದ, ಹೊಳೆಯುವ ನೆಲ ನೋಡಿ ತೀರ್ಮಾನಿಸಬೇಡಿ. ಕೆಳಗಿನ ಪ್ರಶ್ನೆಗಳನ್ನು ಕೇಳಿರಿ.

1. ಸೇರಿಸುವ ಮುನ್ನ ಹಿರಿಯರ ಊರು, ಕಸುಬು, ಊಟ, ನಿದ್ದೆ, ಇಷ್ಟಾನಿಷ್ಟಗಳನ್ನು ವಿಚಾರಿಸಿದರೇ, ಅಥವಾ ಹಣದ ವಿವರ ಮಾತ್ರವೇ?
2. ಸಿಬ್ಬಂದಿ ಹಿರಿಯರನ್ನು ಹೆಸರು ಹಿಡಿದು ಗೌರವದಿಂದ ಕರೆಯುತ್ತಾರೆಯೇ? ಹಾಸಿಗೆಯ ನಂಬರಿನಿಂದ ಕರೆಯುತ್ತಾರೆಯೇ?
3. ಹಿರಿಯರ ಭಾಷೆ ಬಲ್ಲ ಒಬ್ಬರಾದರೂ ಇದ್ದಾರೆಯೇ?
4. ರಾತ್ರಿ ಎಷ್ಟು ಮಂದಿ ಎಚ್ಚರವಿರುತ್ತಾರೆ? ತೊಂದರೆಗಳು ಹೆಚ್ಚಾಗುವುದು ಸಂಜೆ ಮತ್ತು ರಾತ್ರಿ.
5. ಪ್ರತಿಯೊಂದು ಮಾತ್ರೆಯೂ ಯಾಕೆ, ಎಷ್ಟು ದಿನ ಎಂದು ಹೇಳಬಲ್ಲರೇ?
6. ಕೈಕಾಲುಗಳಲ್ಲಿ ಕಟ್ಟಿದ ಗುರುತು, ಬೆನ್ನಿನಲ್ಲಿ ಮಲಗಿ ಮಲಗಿ ಆದ ಹುಣ್ಣು ಕಾಣುತ್ತದೆಯೇ? ತೂಕ ಇಳಿದಿದೆಯೇ?
7. ಮುಂಚಿತವಾಗಿ ಹೇಳದೆ, ಊಟದ ಹೊತ್ತಿಗೆ ಬರಲು ಬಿಡುತ್ತಾರೆಯೇ?

ಕೊನೆಯ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ ಉಳಿದ ಉತ್ತರಗಳನ್ನು ನಂಬುವುದು ಕಷ್ಟ.

ಮನೆಯಲ್ಲಿ ಮಾಡಬಹುದಾದದ್ದು

ದಿನಚರಿ ಬದಲಾಗದಿರಲಿ. ಅದೇ ಹೊತ್ತಿಗೆ ಚಹಾ, ಅದೇ ಹೊತ್ತಿಗೆ ರೊಟ್ಟಿ. ನುಂಗಲು ಕಷ್ಟವಾದಾಗ ನುಚ್ಚು, ಮೆತ್ತಗಿನ ಅನ್ನ ಕೊಟ್ಟು, ನೆಟ್ಟಗೆ ಕೂರಿಸಿ ನಿಧಾನವಾಗಿ ಉಣಿಸಿರಿ. ಕೆಮ್ಮು ಬರುತ್ತಿದ್ದರೆ ವೈದ್ಯರಿಗೆ ತಿಳಿಸಿರಿ. ನೀರು ಕೇಳುವುದು ಅವರಿಗೆ ಮರೆತಿರುತ್ತದೆ. ಗಂಟೆಗೊಮ್ಮೆ ನೀವೇ ಕೊಡಿ. ರಾತ್ರಿ ಬಚ್ಚಲಿನ ದಾರಿಗೆ ಒಂದು ಸಣ್ಣ ದೀಪ ಇರಲಿ. ಜೇಬಿನಲ್ಲಿ ಹೆಸರು, ಊರು, ಫೋನ್ ನಂಬರಿನ ಚೀಟಿ ಇರಲಿ. ತಪ್ಪು ಹೇಳಿದರೆ ವಾದಕ್ಕಿಳಿಯಬೇಡಿ. ತೀರಿಹೋದ ಗಂಡ ಎಲ್ಲಿ ಎಂದು ದಿನಕ್ಕೆ ಹತ್ತು ಸಲ ಕೇಳುವ ಅಜ್ಜಿಗೆ ಹತ್ತು ಸಲ ಸಾವಿನ ಸುದ್ದಿ ಹೇಳುವುದೇಕೆ? ‘ಅವರ ನೆನಪಾಯಿತೇನವ್ವ?’ ಎಂದು ಕೇಳಿದರೆ ಅವಳೇ ಒಂದು ಕಥೆ ಹೇಳಿಯಾಳು.

ಕೈಗೆ ಕೆಲಸ ಕೊಡಿ. ಬೇಳೆ ಆರಿಸುವುದು, ಹಗ್ಗ ಹೊಸೆಯುವುದು, ಬಟ್ಟೆ ಮಡಿಚುವುದು ಸಾಕು. ಸರಿಯಾಗಿ ಮಾಡಿದರೇ ಎಂಬುದು ಮುಖ್ಯವಲ್ಲ. ಮಾತು ಮರೆತವರಿಗೂ ಹಾಡು ಉಳಿದಿರುತ್ತದೆ. ಬೀಸುವ ಕಲ್ಲಿನ ಪದ, ತತ್ವಪದ, ಮೊಹರಂ ಪದಗಳ ಈ ನಾಡಿನಲ್ಲಿ ಆ ಸಂಪತ್ತಿಗೆ ಬರವಿಲ್ಲ.

ಆಸ್ಪತ್ರೆಗೆ ಹೋಗುವಾಗ ಒಂದು ಹಾಳೆ ಬರೆದು ಒಯ್ಯಿರಿ: ಯಾವ ಹೆಸರಿನಿಂದ ಕರೆದರೆ ಓಗೊಡುತ್ತಾರೆ, ಯಾವ ಭಾಷೆ, ಯಾವ ಕಸುಬು, ಏನು ಉಣ್ಣುತ್ತಾರೆ, ಯಾವುದಕ್ಕೆ ಹೆದರುತ್ತಾರೆ, ನೋವಾದಾಗ ಹೇಗೆ ತೋರಿಸುತ್ತಾರೆ, ಯಾವ ಮಾತ್ರೆಗಳು. ಮನೆಯಲ್ಲಿ ಬರೆಯುವವರಿಲ್ಲದಿದ್ದರೆ ಶಾಲೆಗೆ ಹೋಗುವ ಮಗು ಅಥವಾ ಆಶಾ ಕಾರ್ಯಕರ್ತೆ ಬರೆದುಕೊಡಬಹುದು. ಖರ್ಚಿಲ್ಲದ ಈ ಹಾಳೆ ವಾರ್ಡಿನಲ್ಲಿ ಆಗುವ ಅರ್ಧ ತಪ್ಪುಗಳನ್ನು ತಪ್ಪಿಸಬಲ್ಲದು.

ಆರೈಕೆ ಮಾಡುವವರ ಆರೈಕೆ

ಈ ಹೊರೆ ಹೊರುವವರು ಹೆಚ್ಚಾಗಿ ಹೆಂಡತಿ, ಸೊಸೆ, ಮಗಳು. ವರ್ಷಗಟ್ಟಲೆ ನಿದ್ದೆಗೆಟ್ಟವರು ಒಂದು ದಿನ ಕೈಯೆತ್ತಿದರೆ ಅವರನ್ನು ಮಾತ್ರ ದೂರುವುದು ನ್ಯಾಯವಲ್ಲ. ನೆರೆಯ ಗೋವಾದಲ್ಲಿ 81 ಕುಟುಂಬಗಳೊಡನೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನ ಇಲ್ಲಿ ದಾರಿದೀಪ. ವೈದ್ಯರಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು ಮನೆಮನೆಗೆ ಕಳುಹಿಸಲಾಯಿತು. ಅವರು ಕಾಯಿಲೆಯ ಬಗ್ಗೆ ತಿಳಿಸಿ, ಕೂಗಾಟ, ಅಲೆದಾಟಗಳನ್ನು ನಿಭಾಯಿಸುವುದನ್ನು ಹೇಳಿಕೊಟ್ಟರು, ಮನೆಯವರ ಕಷ್ಟ ಕೇಳಿದರು. ಆರೈಕೆ ಮಾಡುವವರ ಮಾನಸಿಕ ಆರೋಗ್ಯ ಸುಧಾರಿಸಿತು, ಸಂಕಟ ಇಳಿಯಿತು. ಗೋವಾದಲ್ಲಿ ಸಾಧ್ಯವಾದದ್ದು ಶಹಾಪುರದಲ್ಲಿ, ಸುರಪುರದಲ್ಲಿ ಏಕೆ ಸಾಧ್ಯವಾಗಬಾರದು? ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ ಇದೇ ಕಲ್ಯಾಣ ಕರ್ನಾಟಕದ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ನಡೆಸಿದ ಪ್ರಯೋಗವನ್ನೇ ಅನುಸರಿಸಿ 1996ರಲ್ಲಿ ಅದು ರಾಷ್ಟ್ರೀಯ ಕಾರ್ಯಕ್ರಮವಾಯಿತು.

ಎಲ್ಲಿ ವಿಚಾರಿಸಬೇಕು?

ಯಾದಗಿರಿಯಲ್ಲಿ ಈಗ ಜಿಲ್ಲಾ ಕೇಂದ್ರದಲ್ಲೇ ಸರಕಾರಿ ವೈದ್ಯಕೀಯ ಕಾಲೇಜು ಇದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಗೊತ್ತಾದ ದಿನ ಬರುವ ‘ಮನೋಚೈತನ್ಯ’ ಕಾರ್ಯಕ್ರಮವನ್ನು ರಾಜ್ಯ ಸರಕಾರ 2014ರಲ್ಲಿ ಆರಂಭಿಸಿತು. ನಿಮ್ಮ ತಾಲ್ಲೂಕಿಗೆ ಯಾವ ದಿನ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿರಿ. ಕಲಬುರಗಿ, ರಾಯಚೂರುಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಮುಂದಿನ ಹಂತಗಳು. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567; ಮಾನಸಿಕ ಆರೋಗ್ಯದ ‘ಟೆಲಿ ಮಾನಸ್’ ಸಹಾಯವಾಣಿ 14416. ಈ ಎರಡನೆಯ ನಂಬರಿಗೆ ಆರೈಕೆಯಿಂದ ಬಳಲಿದವರೂ ಕರೆ ಮಾಡಬಹುದು.

ಓದುಗರೇ, ನಮ್ಮನ್ನು ಗುರುತಿಸಲಾಗದ ತಾಯಿಯನ್ನು ನಾವು ಗುರುತಿಸುತ್ತೇವೆ. ಅವರು ಯಾರೆಂಬ ನೆನಪನ್ನು ಅವರ ಪರವಾಗಿ ಕಾಪಾಡುವ ಕೆಲಸ ಈಗ ನಮ್ಮದು. ಆಸ್ಪತ್ರೆ ದೊಡ್ಡದಿರಲಿ, ಚಿಕ್ಕದಿರಲಿ, ಮನೆ ಹಂಚಿನದಿರಲಿ, ಕಲ್ಲಿನದಿರಲಿ, ಆರೈಕೆಯ ಗುಣಮಟ್ಟ ತಿಳಿಯಬೇಕಾದರೆ ಒಂದು ಪ್ರಶ್ನೆ ಸಾಕು: ಇಲ್ಲಿರುವವರಿಗೆ ಈ ಹಿರಿಯರು ಯಾರೆಂದು ಗೊತ್ತಿದೆಯೇ?